ಅರ್ಧ ಗೇಟು

ಆ ಬಾರಿನ ಅಂಗಳ ಹಿಂದೊಮ್ಮೆ ಮರ ಕೊಯ್ಯುವ ಮಿಲ್ಲಾಗಿತ್ತು. ಉದ್ದಕ್ಕೆ ಧಾರಾಳ, ಅಗಲಕ್ಕೆ ಬಡತನ. ಎರಡು ಗೋಡೆಗಳ ನಡುವೆ ಕಾರು, ವ್ಯಾನುಗಳನ್ನು ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗಿಸಿ ನಿಲ್ಲಿಸಬೇಕು. ಮೊದಲು ಬಂದವನು ಮೊದಲು ಹೊರಡುತ್ತೇನೆಂದರೆ ಅವನ ಹಿಂದಿನವರೆಲ್ಲ ಎದ್ದು ಬಂದು ಗಾಡಿ ಸರಿಸಬೇಕು. ಗ್ಲಾಸಿನ ಮುಂದೆ ಕೂತು ಮಾತಿಗಿಳಿದವನನ್ನು ಎಬ್ಬಿಸಿ ಬೈಸಿಕೊಳ್ಳುವವರು ಯಾರು? ಹೀಗಾಗಿ ಬಂದವರೆಲ್ಲ ಗಾಡಿಯ ಕೀಯನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗುವುದು ರೂಢಿಯಾಯಿತು. ಕೀ ಇಸಿದುಕೊಂಡು, ಹಲಗೆಗೆ ಹೊಡೆದ ಮೊಳೆಗಳಿಗೆ ನೇತುಹಾಕಿ, ಬೇಕಾದಾಗ ಗಾಡಿಗಳನ್ನು ಹಿಂದೆ ಮುಂದೆ ಸರಿಸಿ ದಾರಿ ಮಾಡಿಕೊಡುವವನು ಗೇಟಪ್ಪ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದ್ದೀತು. ಅದನ್ನು ಕೇಳಿದವರೂ ಇಲ್ಲ, ಅವನು ಹೇಳಿದ್ದೂ ಇಲ್ಲ. ಹೆಂಡತಿ ‘ರೀ’ ಎನ್ನುತ್ತಿದ್ದಳು, ಮಿಕ್ಕವರಿಗೆಲ್ಲ ಗೇಟಪ್ಪ.

ಬಾರಿನ ಯಜಮಾನಿ ಗಂಡನನ್ನು ಕಳೆದುಕೊಂಡವಳು. ಆ ಮನುಷ್ಯ ತನ್ನದೇ ಬಾರಿನಲ್ಲಿ ಕುಡಿದು, ತನ್ನದೇ ಕಾರು ಹತ್ತಿ, ತಿರುವಿನ ಮರಕ್ಕೆ ಗುದ್ದಿ ಹೋಗಿದ್ದ. ಅವನ ತಿಥಿ ಮುಗಿದ ಮೇಲೆ ಬಾರಿನ ಬಾಗಿಲು ತೆಗೆದ ಮೊದಲ ದಿನವೇ ಆಕೆ ಗೇಟಪ್ಪನನ್ನು ಕರೆದು ಒಂದು ಮಾತು ಹೇಳಿದ್ದಳು. ಇನ್ನು ಮೇಲೆ ಯಾರಿಗೇ ಕೀ ಕೊಡುವ ಮೊದಲು ಬಾಯಿ ಮೂಸಿ ನೋಡು. ಒಳಗೆ ಮಾರುವುದು ನನ್ನ ಕಸುಬು, ಹೊರಗೆ ಬಿಡುವುದು ನಿನ್ನದು.

ಗೇಟಪ್ಪನ ಮೂಗು ಅಂಥದ್ದು. ಜನ್ಮದಲ್ಲಿ ಒಂದು ತೊಟ್ಟು ಮುಟ್ಟದ ಆಸಾಮಿ, ಆದರೆ ಎದುರು ನಿಂತವನು ಒಮ್ಮೆ ‘ಹಾ’ ಎಂದರೆ ಎಷ್ಟು ಕುಡಿದ, ಏನು ಕುಡಿದ, ಮೇಲೆ ಏನು ತಿಂದು ಮರೆಮಾಚಲು ನೋಡಿದ ಎಂಬುದನ್ನೆಲ್ಲ ಹೇಳಿಬಿಡುತ್ತಿದ್ದ. ಗಿರಾಕಿಗಳಿಗೂ ಅದೊಂದು ಆಟವಾಗಿತ್ತು. ಸ್ಟೂಲಿನ ಮೇಲೆ ಕೂತ ಮುದುಕನ ಮುಖಕ್ಕೆ ಬಗ್ಗಿ ‘ಹಾ’ ಎನ್ನುವುದು, ಅವನು ಕಣ್ಣು ಮುಚ್ಚಿ ತೀರ್ಪು ಕೊಡುವುದು, ಹಿಂದೆ ನಿಂತವರು ನಗುವುದು. ಕುಡಿಯದೆ ಬರೀ ಊಟ ಮಾಡಿದವನಿಗೆ ಕೀ ಸಿಗುತ್ತಿತ್ತು. ಕುಡಿದವನಿಗೆ, ಒಳಗೆ ಹೋಗಿ ಇನ್ನೊಂದಿಷ್ಟು ಊಟ ಮಾಡಿ ಕೂತಿರಿ, ಇಲ್ಲವೆ ಬಾಡಿಗೆ ಗಾಡಿ ಹಿಡಿಯಿರಿ ಎಂಬ ಸಲಹೆ. ಹೆಚ್ಚಿನವರು ಕೇಳುತ್ತಿದ್ದರು.

ಕೇಳದವರೂ ಇದ್ದರು. ಗಾಡಿ ನಂದು, ಕೀ ನಂದು, ಕೊಡೋಕೆ ನಿಂಗೇನು ರೋಗ ಎಂದು ಕೈ ಒಡ್ಡಿದರೆ ಗೇಟಪ್ಪ ಕೊಡದೆ ಇರುವಂತಿರಲಿಲ್ಲ. ಕೊಡುತ್ತಿದ್ದ. ಆದರೆ ಅಂಥವರಿಗೆ ಗೇಟನ್ನು ಅರ್ಧವೇ ತೆರೆಯುತ್ತಿದ್ದ.

ಅದು ಹಳಿಯ ಮೇಲೆ ಉರುಳುವ ಕಬ್ಬಿಣದ ಗೇಟು. ಅರ್ಧಕ್ಕೆ ನಿಂತರೆ ಗಾಡಿ ದಾಟುವುದಿಲ್ಲ, ಬಾಯಲ್ಲೇ ನಿಲ್ಲಬೇಕು. ಚಕ್ರ ಸಿಕ್ಕಿಕೊಂಡಿದೆ ಸ್ವಾಮಿ, ಈಗ ಬಿಡಿಸಿದೆ ಎಂದು ಗೇಟಪ್ಪ ಬಗ್ಗಿ ಏನೋ ಕೆದಕುವಷ್ಟರಲ್ಲಿ ಎದುರಿನ ಟೈಲರ್ ಅಂಗಡಿಯ ನೆರಳಲ್ಲಿ ನಿಂತಿರುತ್ತಿದ್ದ ದಫೇದಾರ ನಿಧಾನಕ್ಕೆ ರಸ್ತೆ ದಾಟಿ ಬಂದು ಕಾರಿನ ಗಾಜು ತಟ್ಟುತ್ತಿದ್ದ. ಊದುವ ಯಂತ್ರ ಅವನ ಹೆಗಲ ಚೀಲದಲ್ಲಿರುತ್ತಿತ್ತು. ಹೀಗೊಂದು ಒಪ್ಪಂದ ಅವರಿಬ್ಬರ ನಡುವೆ ಯಾವಾಗ ಆಯಿತೆಂದು ಇಬ್ಬರಿಗೂ ನೆನಪಿಲ್ಲ. ಬಾಯಿಬಿಟ್ಟು ಮಾತಾಡಿ ಆದದ್ದಂತೂ ಅಲ್ಲ. ಗಿರಾಕಿಗಳಿಗೆ ಇದರ ಸುಳಿವಿರಲಿಲ್ಲ. ಆ ಹಾಳು ಚಕ್ರಕ್ಕೆ ಒಂದಿಷ್ಟು ಎಣ್ಣೆ ಬಿಡೋ ಮಾರಾಯ ಎಂದು ಹೋಗುವಾಗಲೆಲ್ಲ ಹೇಳುತ್ತಿದ್ದರು.

ದಫೇದಾರನಿಗೆ ಈ ಅರ್ಧ ಗೇಟು ಬೇಕೇ ಬೇಕಾದ ಕಾಲವೂ ಬಂತು. ಮೊದಲೆಲ್ಲ ಪೊಲೀಸರು ಬಾರಿನೆದುರು ನಿಂತು ಹೊರಬಂದವರನ್ನೆಲ್ಲ ತಡೆದು ಊದಿಸುತ್ತಿದ್ದರು. ಮಂಜುಗಡ್ಡೆ ಹಾಕಿ ಹೋಗುವವನನ್ನು ಊದಿಸಿದರು. ಕೊಳಾಯಿ ರಿಪೇರಿಯವನನ್ನು ಊದಿಸಿದರು. ತಪ್ಪಿಸಿಕೊಂಡ ನಾಯಿಯನ್ನು ಹುಡುಕುತ್ತ ಸ್ಕೂಟರಿನಲ್ಲಿ ಒಳಗೆ ಬಂದಿದ್ದ ಒಬ್ಬ ಮುದುಕಿಯನ್ನೂ ಬಿಡಲಿಲ್ಲ. ಆಕೆಯ ಮಗ ದೊಡ್ಡ ವಕೀಲ. ದೂರು ಮೇಲಿನವರೆಗೆ ಹೋಗಿ ಕಟ್ಟಪ್ಪಣೆಯಾಗಿ ಕೆಳಗಿಳಿಯಿತು. ಬಾರಿನಿಂದ ಬಂದ ಎನ್ನುವುದೊಂದೇ ಯಾರನ್ನೂ ತಡೆಯಲು ಕಾರಣವಾಗದು. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು, ಮೂಗಿಗೆ ತಾಗಿದ್ದು ಏನಾದರೊಂದಿರಬೇಕು, ಇಲ್ಲವೆ ತಿಳಿದವರು ತಿಳಿಸಿರಬೇಕು. ಕಾರಣವಿದ್ದರೆ ತಡೆಯಬಹುದು, ಊದಿಸಬಹುದು, ಮಿತಿ ಮೀರಿದ್ದರೆ ಅಲ್ಲೇ ಹಿಡಿದು ಠಾಣೆಗೆ ಒಯ್ಯಬಹುದು. ಕಾರಣವಿಲ್ಲದೆ ತಡೆದರೆ ತಡೆದವನ ಮೇಲೆಯೇ ವಿಚಾರಣೆ.

ಆಮೇಲೆ ದಫೇದಾರನ ಕಾರಣವೆಲ್ಲ ಗೇಟಪ್ಪನ ಮೂಗಿನ ತುದಿಯಲ್ಲಿ ನಿಂತಿತು.

ಇಂಥ ಹೊತ್ತಿನಲ್ಲೇ ಗೇಟಪ್ಪನಿಗೆ ಒಂದು ಜ್ವರ ಬಂತು. ಎಲ್ಲರಿಗೂ ಬರುವಂಥದ್ದೇ. ಮೈ ಕೈ ನೋವು, ಗಂಟಲು ಕೆರೆತ, ನಾಲ್ಕು ದಿನದ ಹಾಸಿಗೆ. ಜ್ವರ ಬಿಟ್ಟ ಮೇಲೆ ಒಂದು ಸಂಜೆ ಅವನು ಅಡುಗೆಮನೆಯ ಹೊಸಿಲ ಮೇಲೆ ಕೂತು ಕಿತ್ತುಹೋದ ಚಪ್ಪಲಿ ಹೊಲಿಯುತ್ತಿದ್ದ. ಹೆಂಡತಿ ಹಿತ್ತಲಿಂದ ಓಡಿ ಬಂದಳು. ಒಲೆಯ ಮೇಲಿನ ಹಾಲು ಉಕ್ಕಿ, ಸುಟ್ಟು, ಪಾತ್ರೆಯ ತಳ ಇದ್ದಲಾಗಿತ್ತು.

“ಮೂಗನ್ನ ಎಲ್ಲಾದ್ರೂ ಅಡ ಇಟ್ಟು ಬಂದ್ರಾ ಹೇಗೆ?” ಎಂದಳು.

ಅವನು ತಲೆಯೆತ್ತಿ ಗಾಳಿ ಎಳೆದ. ಮತ್ತೆ ಎಳೆದ. ಹೆಂಡತಿ ಅವನ ಮುಖ ನೋಡಿ ಮಾತು ನಿಲ್ಲಿಸಿದಳು. ಈರುಳ್ಳಿ ಕೊಯ್ದು ತಂದು ಮೂಗಿಗೆ ಹಿಡಿದಳು. ಸೀಮೆಎಣ್ಣೆ ಬಟ್ಟೆ ಹಿಡಿದಳು. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ.

ವಾರ ಕಳೆಯಿತು, ತಿಂಗಳು ಕಳೆಯಿತು. ಔಷಧದಂಗಡಿಯವನು ತಾನಾಗಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದ. ಹೆಂಡತಿ ಯಜಮಾನಿಗೆ ಹೇಳಿಬಿಡಿ ಎಂದು ದಿನಾ ಹೇಳುತ್ತಿದ್ದಳು. ನಾಳೆ ಹೇಳುತ್ತೇನೆ ಎಂದು ಇವನು ದಿನಾ ಹೇಳುತ್ತಿದ್ದ. ಹೇಳಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಗಾಡಿ ಸರಿಸಲು ಯಾವನಾದರೂ ಬರುತ್ತಾನೆ, ಗೇಟು ತಳ್ಳಲು ಮಂಡಿ ಗಟ್ಟಿ ಇರುವವನೇ ಸಿಗುತ್ತಾನೆ. ಇವನನ್ನು ಆ ಸ್ಟೂಲಿನ ಮೇಲೆ ಇಟ್ಟದ್ದು ಮೂಗು. ಆ ಸ್ಟೂಲು ಹೋದರೆ ಬೆಳಿಗ್ಗೆ ಎದ್ದು ಹೋಗುವುದೆಲ್ಲಿಗೆ? ಮನೆಯಲ್ಲಿ ಕೂತರೆ ಹಾಲಿನ ಪಾತ್ರೆ ಕಾಯುವುದಕ್ಕೂ ಆಗುವುದಿಲ್ಲ ಎಂದು ಹೆಂಡತಿ ಒಮ್ಮೆ ನಗೆಯಾಡಿದಳು. ಅವನು ನಗಲಿಲ್ಲ. ಅವಳು ಆಮೇಲೆ ಆ ಮಾತೆತ್ತಲಿಲ್ಲ.

ಅವನು ಕೆಲಸ ಮಾಡುತ್ತಲೇ ಹೋದ. ಗಿರಾಕಿ ಬಗ್ಗಿ ‘ಹಾ’ ಎನ್ನುತ್ತಿದ್ದ, ಇವನು ಕಣ್ಣು ಮುಚ್ಚುತ್ತಿದ್ದ. ಮೊದಲು ವಾಸನೆ ಹಿಡಿಯಲು ಮುಚ್ಚುತ್ತಿದ್ದವನು ಈಗ ನೋಡಿದ್ದನ್ನು ನೆನೆಯಲು ಮುಚ್ಚುತ್ತಿದ್ದ. ಮೆಟ್ಟಿಲಿಳಿಯುವಾಗ ಕಂಬ ಹಿಡಿದನೆ? ಕೀ ಕೇಳುವ ಮೊದಲು ಜೇಬು ತಡವಿದನೆ? ಹೋದ ಸಲ ಹೇಳಿದ ಜೋಕನ್ನೇ ಹೇಳಿದನೆ? ಹೆಚ್ಚಿನವರು ಹಳೇ ಗಿರಾಕಿಗಳು, ಹೇಗೋ ನಡೆಯುತ್ತಿತ್ತು. ಬಾರಿನ ಅಡುಗೆಮನೆಯಲ್ಲಿ ಗ್ಯಾಸ್ ಸೋರಿ ಎಲ್ಲರೂ ಹೊರಗೆ ಓಡಿಬಂದ ದಿನ ಗೇಟಪ್ಪ ಒಬ್ಬನೇ ಯಾಕೆ ಓಡ್ತೀರಿ ಎನ್ನುತ್ತ ಎದುರಾಗಿ ಒಳಗೆ ನಡೆದಿದ್ದ. ಮುದುಕನ ಧೈರ್ಯ ನೋಡಿ ಎಂದು ಜನ ಹೊಗಳಿದರು. ಅವನು ಸುಮ್ಮನೆ ಹೊಗಳಿಸಿಕೊಂಡ.

ತಪ್ಪಿದ್ದು ಒಂದೇ ಸಲ. ಹಲ್ಲಿನ ಡಾಕ್ಟರೊಬ್ಬರು ಮೆಟ್ಟಿಲು ತಪ್ಪಿ ಮುಗ್ಗರಿಸಿದರೆಂದು ಅರ್ಧ ಗೇಟು ತೆರೆದ. ದಫೇದಾರ ಊದಿಸಿದ. ಯಂತ್ರ ಸೊನ್ನೆ ತೋರಿಸಿತು. ಡಾಕ್ಟರು ಹೊಸ ಕನ್ನಡಕ ಹಾಕಿಕೊಂಡಿದ್ದರು, ಅಷ್ಟೇ. ಅವರು ಒಳ್ಳೆಯವರು, ಎರಡು ಮಾತು ಅಂದು ಹೋದರು. ದಫೇದಾರ ಮಾತ್ರ ಹಿಂದೆ ಬಂದು ನಿಂತ.

“ಏನಪ್ಪಾ, ನೆಗಡಿನಾ?”

“ಹೂಂ, ನೆಗಡಿ.”

“ಬೇಗ ವಾಸಿ ಮಾಡ್ಕೊ. ನಿನ್ನ ನೆಗಡಿ ನನ್ನ ಪೆನ್ಶನ್‌ಗೆ ಬರಬಾರದು.”

ಇದಾಗಿ ಸ್ವಲ್ಪ ದಿನಕ್ಕೆ ಅಳಿಯ ಬಂದ.

ಅಳಿಯ ಬೇಕರಿ ಕಾರ್ಖಾನೆಯ ವ್ಯಾನ್ ಓಡಿಸುವವನು. ಬೆಳಿಗ್ಗೆ ಬ್ರೆಡ್ಡು ಬನ್ನು ತುಂಬಿಕೊಂಡು ಅಂಗಡಿ ಅಂಗಡಿಗೆ ಹಾಕಿ ಮಧ್ಯಾಹ್ನಕ್ಕೆ ಬಿಡುವಾಗುತ್ತಿದ್ದ. ಕೆಟ್ಟವನಲ್ಲ. ಮಗಳನ್ನು ಚೆನ್ನಾಗಿಯೇ ನೋಡಿಕೊಂಡಿದ್ದ. ಆದರೆ ಮಾವ ಬಾರಿನ ಗೇಟು ಕಾಯುತ್ತಾನೆ ಎನ್ನುವುದು ಅವನಿಗೆ ಗಂಟಲಲ್ಲಿ ಸಿಕ್ಕಿದ ಮುಳ್ಳು. ಮದುವೆಯಾದಂದಿನಿಂದ ಮಾವನ ಜೊತೆ ನೇರ ಮಾತಿಲ್ಲ. ಎದುರೆದುರು ಕೂತಿದ್ದರೂ ಹೆಂಡತಿಯ ಕಡೆ ತಿರುಗಿ ‘ನಿಮ್ಮಪ್ಪಂಗೆ ಸಾರು ಬೇಕಾ ಕೇಳು’ ಎನ್ನುವವನು. ಮಾವನೂ ಅದಕ್ಕೆ ಒಗ್ಗಿಹೋಗಿದ್ದ. ‘ಬೇಕು ಅಂತ ಹೇಳಮ್ಮ’ ಎನ್ನುತ್ತಿದ್ದ. ಮಗಳು ನಡುವೆ ಕೂತು ಎರಡು ಕಡೆಯ ಅಂಚೆ ಹಂಚುತ್ತಿದ್ದಳು.

ಅವನು ಆ ಬಾರಿಗೆ ಕಾಲಿಟ್ಟವನಲ್ಲ. ಅಂದು ಬೇಕರಿಯ ಮೇಸ್ತ್ರಿ ಕೆಲಸದಿಂದ ನಿವೃತ್ತನಾದ ಊಟ. ಮೇಸ್ತ್ರಿಗೆ ಇಷ್ಟವಾದ ಜಾಗ ಇದೇ ಆದದ್ದರಿಂದ ಬರದೆ ವಿಧಿಯಿರಲಿಲ್ಲ. ವ್ಯಾನನ್ನು ಅಂಗಳಕ್ಕೆ ತಂದು, ಮಾವನ ಮುಖ ನೋಡದೆ, ಕೀಯನ್ನು ಹಲಗೆಯ ಮೊಳೆಗೆ ತಾನೇ ಸಿಕ್ಕಿಸಿ ಒಳಗೆ ಹೋದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೇಸ್ತ್ರಿಯನ್ನು ಬಾಡಿಗೆ ಗಾಡಿ ಹತ್ತಿಸಿ ಕಳಿಸಿ ಅಳಿಯ ಗೇಟಿನ ಹತ್ತಿರ ಬಂದ. ಕಂಬ ಹಿಡಿದಿರಲಿಲ್ಲ. ನಡಿಗೆ ನೆಟ್ಟಗಿತ್ತು. ಕಣ್ಣೂ ಸರಿಯಾಗಿತ್ತು. ಜೇಬು ತಡವಲಿಲ್ಲ. ಬಂದವನು ಸ್ಟೂಲಿನ ಮುಂದೆ ನಿಂತು ಮಾವನನ್ನು ನೋಡಿದ.

“ಮಾವ, ಮಂಡಿ ನೋವು ಹೇಗಿದೆ?”

ಗೇಟಪ್ಪ ತನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೆ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ.

“ಇದೆ, ಹಾಗೇ,” ಎಂದ.

“ಈ ಸ್ಟೂಲಿಗೆ ಒರಗೋಕೇ ಜಾಗ ಇಲ್ಲ. ಇಡೀ ದಿನ ಹೇಗೆ ಕೂರ್ತೀರಿ? ನಾನೊಂದು ಕುರ್ಚಿ ತಂದುಕೊಡ್ತೀನಿ. ಬೆನ್ನಿರೋದು.” ಹಾಗೆಂದು ಅವನು ಬಗ್ಗಿ, ಎಲ್ಲರೂ ಮಾಡುವಂತೆ, “ಹಾ” ಎಂದ. “ಮೂಸಿ ನೋಡಿ. ಬರೀ ಶರಬತ್ತು.”

ಗೇಟಪ್ಪ ಕಣ್ಣು ಮುಚ್ಚಿದ. ಮುಖಕ್ಕೆ ಬೆಚ್ಚಗೆ ಉಸಿರು ತಾಗಿತು. ಉಸಿರೆನ್ನುವುದು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಒಲೆಯ ಮೇಲೆ ಸುಟ್ಟ ಹಾಲಿನಲ್ಲೂ ಅಷ್ಟೇ ಇತ್ತು.

ಕಣ್ಣು ತೆರೆದಾಗ ಅಳಿಯ ಇನ್ನೂ ನಗುತ್ತಲೇ ಇದ್ದ. ನಗು ಚೆನ್ನಾಗಿತ್ತು. ಮದುವೆಯ ದಿನ ಒಮ್ಮೆ ನೋಡಿದ್ದು ಬಿಟ್ಟರೆ ಮತ್ತೆ ನೋಡಿರಲಿಲ್ಲ. ಗೇಟಪ್ಪ ಕೀ ತೆಗೆದು ಕೊಟ್ಟ. ಎದ್ದು ಗೇಟಿಗೆ ಹೆಗಲು ಕೊಟ್ಟು ತಳ್ಳಿದ. ಅರ್ಧಕ್ಕೆ ಬಂದಾಗ ಹೆಗಲು ತಾನಾಗಿ ನಿಂತಿತು.

ದಫೇದಾರ ಟೈಲರ್ ಅಂಗಡಿಯ ನೆರಳಿನಿಂದ ಹೊರಟ. ವ್ಯಾನಿನ ಬಾಗಿಲ ಮೇಲಿನ ಬೇಕರಿಯ ಹೆಸರು ಓದಿದ, ಒಳಗಿದ್ದವನ ಮುಖ ನೋಡಿದ. ಮಗಳ ಮದುವೆಯಲ್ಲಿ ಅವನೂ ಊಟ ಮಾಡಿದ್ದ. ಒಂದು ಗಳಿಗೆ ಗೇಟಪ್ಪನ ಕಡೆ ನೋಡಿದ. ಗೇಟಪ್ಪ ಬಗ್ಗಿ ಚಕ್ರ ಕೆದಕುತ್ತಿದ್ದ.

ಯಂತ್ರ ಮಿತಿಗಿಂತ ಹೆಚ್ಚು ತೋರಿಸಿತು. ಬಹಳ ಹೆಚ್ಚೇನಲ್ಲ, ಆದರೆ ಹೆಚ್ಚು. ಅಳಿಯನನ್ನು ಇಳಿಸಿ, ಜೀಪು ಕರೆಸಿ, ಕೂರಿಸಿಕೊಂಡು ಹೋದರು. ಹೋಗುವಾಗ ಅವನ ಮುಖದ ನಗು ಆರಿತ್ತು. ವ್ಯಾನನ್ನು ಗೇಟಪ್ಪನೇ ಹಿಂದಕ್ಕೆ ಸರಿಸಿ ಗೋಡೆಯ ಬದಿಗೆ ನಿಲ್ಲಿಸಿದ.

ಅಂಗಳದಲ್ಲಿದ್ದವರೆಲ್ಲ ಅಂದು ಮಾತಾಡಿದ್ದು ಆ ಹಾಳು ಚಕ್ರದ ಬಗ್ಗೆಯೇ. ಒಂದಿಷ್ಟು ಎಣ್ಣೆ ಬಿಟ್ಟಿದ್ರೆ ಸ್ವಂತ ಅಳಿಯನಾದ್ರೂ ಪಾರಾಗ್ತಿದ್ದನಲ್ಲೋ ಮಾರಾಯ ಎಂದರು. ಗೇಟಪ್ಪ ಸ್ಟೂಲಿನ ಮೇಲೆ ಕೂತು ಮಂಡಿ ಉಜ್ಜಿಕೊಂಡ.

ಅಳಿಯನನ್ನು ಜಾಮೀನಿನ ಮೇಲೆ ಬಿಟ್ಟರು. ಬೇಕರಿಯ ಕೆಲಸಗಾರರ ಸಂಘ ಒಬ್ಬ ವಕೀಲನನ್ನು ಗೊತ್ತುಮಾಡಿತು. ಚುರುಕು ಮನುಷ್ಯ. ಯಂತ್ರದ ಲೆಕ್ಕವನ್ನು ಅಲ್ಲಗಳೆಯುವ ಗೋಜಿಗೆ ಹೋಗಲಿಲ್ಲ. ತಡೆದದ್ದಕ್ಕೆ ಕಾರಣವೇನಿತ್ತು ಎಂದು ಕೇಳಿದ. ನೆಟ್ಟಗೆ ನಡೆದು ಬಂದವನನ್ನು, ನೆಟ್ಟಗೆ ಗಾಡಿ ತೆಗೆದವನನ್ನು ಯಾವ ಅನುಮಾನದ ಮೇಲೆ ತಡೆದಿರಿ? ಗೇಟು ಅರ್ಧ ತೆರೆದಿತ್ತು ಎಂದ ದಫೇದಾರ. ಅಂದರೆ ಏನು ಎಂದರು ಅವನ ಮೇಲಿನವರು. ಹೀಗೆ ಅಷ್ಟು ವರ್ಷದ ಗುಟ್ಟು ಹೊರಬಿತ್ತು. ಗೇಟಪ್ಪ ಬಂದು ಸಾಕ್ಷಿ ಹೇಳಬೇಕೆಂದು ಕರೆ ಬಂತು.

ದಫೇದಾರ ಗೇಟಿನ ಹತ್ತಿರ ಬಂದು ನಿಂತ. ಯಾವಾಗಲೂ ರಸ್ತೆಯ ಆ ಬದಿಯಲ್ಲೇ ಇರುವವನು ಅಂದು ಸ್ಟೂಲಿನ ಪಕ್ಕಕ್ಕೆ ಬಂದಿದ್ದ.

“ವಾಸನೆ ಬಂತು ಅನ್ನು. ಅಷ್ಟು ಸಾಕು. ಸುಳ್ಳೇನಲ್ಲವಲ್ಲ.”

ಗೇಟಪ್ಪ ಹಲಗೆಯ ಮೇಲಿನ ಕೀಗಳನ್ನು ಒಂದೊಂದಾಗಿ ಸರಿಮಾಡಿದ.

ಅಂದೇ ಸಂಜೆ ಮಗಳು ಬಂದಳು. ಅವಳು ಅಳಲಿಲ್ಲ. ಅಡುಗೆಮನೆಯಲ್ಲಿ ತಾಯಿಯ ಪಕ್ಕ ಕೂತು ಅವರೆಕಾಯಿ ಬಿಡಿಸುತ್ತ ಮನೆಯ ಸ್ಥಿತಿ ಹೇಳಿದಳು. ಲೈಸೆನ್ಸ್ ಕಿತ್ತುಕೊಂಡರೆ ಬೇಕರಿಯಲ್ಲಿ ಒಲೆಯ ಮುಂದಿನ ಕೆಲಸ ಕೊಡುತ್ತಾರಂತೆ. ಅವರಿಗೆ ಆ ಬಿಸಿ ಆಗಿಬರುವುದಿಲ್ಲ. ರಸ್ತೆ ಮೇಲೇ ಇದ್ದು ರೂಢಿ. ಮನೆಯಲ್ಲಿ ಮಾತೇ ನಿಂತುಹೋಗಿದೆ. ಎಲ್ಲ ಹೇಳಿ ಮುಗಿಸಿ, ಕೈಯಲ್ಲಿದ್ದ ಸಿಪ್ಪೆಯನ್ನು ಕೆಳಗಿಟ್ಟು ತಂದೆಯ ಕಡೆ ತಿರುಗಿದಳು.

“ಅಪ್ಪ, ನಿಜವಾಗ್ಲೂ ವಾಸನೆ ಬಂತಾ?”

ಗೇಟಪ್ಪ ಹೆಂಡತಿಯನ್ನು ನೋಡಿದ. ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. “ಕೇಳ್ತಾ ಇದಾಳೆ, ಹೇಳಿ,” ಎಂದಳು.

“ಅಲ್ಲಿ ಕೇಳ್ತಾರಲ್ಲ, ಅಲ್ಲೇ ಹೇಳ್ತೀನಿ,” ಎಂದ ಅವನು.

“ಬರಲಿಲ್ಲ ಅಂದ್ರೆ ಇವರನ್ನ ಬಿಟ್ಟುಬಿಡ್ತಾರಂತೆ. ವಕೀಲರು ಹೇಳಿದ್ರು.” ಮಗಳು ಸಿಪ್ಪೆಗಳನ್ನು ಒಟ್ಟುಮಾಡಿದಳು. “ನಿಮಗೆ ಸುಳ್ಳು ಹೇಳಿ ಅಂತ ನಾನು ಹೇಳ್ತಿಲ್ಲ.”

ಅವಳು ಹೋದ ಮೇಲೆ ಗಂಡ ಹೆಂಡತಿ ಹಾಸಿಗೆ ಹಾಸಿದರು. ಲೆಕ್ಕ ಇಬ್ಬರಿಗೂ ಸ್ಪಷ್ಟವಾಗಿತ್ತು. ವಾಸನೆ ಬಂತೆಂದರೆ ಗೇಟು ಉಳಿಯುತ್ತದೆ, ದಫೇದಾರ ಉಳಿಯುತ್ತಾನೆ, ಅಳಿಯ ಮುಳುಗುತ್ತಾನೆ. ಬರಲಿಲ್ಲವೆಂದರೆ ಅಳಿಯ ಪಾರಾಗುತ್ತಾನೆ, ಗೇಟು ಹೋಗುತ್ತದೆ.

“ಇಷ್ಟು ದಿನ ನಾಳೆ ನಾಳೆ ಅಂತಿದ್ರಲ್ಲ, ಆ ನಾಳೆ ಬಂತು,” ಎಂದು ಹೆಂಡತಿ ದೀಪ ಆರಿಸಿದಳು.

ವಿಚಾರಣೆಯ ಕೋಣೆ ಚಿಕ್ಕದು. ಉದ್ದನೆಯ ಬೆಂಚುಗಳು, ತಲೆಯ ಮೇಲೆ ಒಂದೇ ಲಯದಲ್ಲಿ ಕಿರುಗುಟ್ಟುವ ಫ್ಯಾನು, ಬಣ್ಣ ಹಾರಿದ ಕಿಟಕಿ. ಬಾರಿನ ಗಿರಾಕಿಗಳು ಕೆಲವರು ಬಂದಿದ್ದರು. ಅರ್ಧ ಗೇಟಿನ ಸುದ್ದಿ ಅವರಿಗೂ ಮುಟ್ಟಿ, ಮುಖ ಗಂಟುಹಾಕಿಕೊಂಡಿದ್ದರು. ಯಜಮಾನಿ ಹಿಂದಿನ ಬೆಂಚಿನಲ್ಲಿದ್ದಳು. ಮಗಳೂ ಅಳಿಯನೂ ಮುಂದೆ. ಅಳಿಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನೆಲ ನೋಡುತ್ತಿದ್ದ.

ಮ್ಯಾಜಿಸ್ಟ್ರೇಟ್ ವಯಸ್ಸಾದ ಹೆಂಗಸು. ಗೇಟಪ್ಪನಿಗೆ ಕೂರಲು ಹೇಳಿದರು. ಅವನು ಮಂಡಿ ಹಿಡಿದು ನಿಧಾನಕ್ಕೆ ಕೂತ. ವಕೀಲ ಎದ್ದ. ಅರ್ಧ ಗೇಟಿನ ಪದ್ಧತಿಯನ್ನೆಲ್ಲ ಒಂದೊಂದಾಗಿ ಕೇಳಿ ಹೇಳಿಸಿದ. ಗೇಟಪ್ಪ ಏನನ್ನೂ ಮುಚ್ಚಿಡಲಿಲ್ಲ. ಚಕ್ರ ಎಂದೂ ಸಿಕ್ಕಿಕೊಂಡಿರಲಿಲ್ಲ ಎಂದಾಗ ಹಿಂದೆ ಕೂತ ಗಿರಾಕಿಗಳಲ್ಲಿ ಗುಜುಗುಜು ಎದ್ದಿತು. ಕೊನೆಗೆ ವಕೀಲ ಮುಖ್ಯ ಪ್ರಶ್ನೆಗೆ ಬಂದ. ಆ ದಿನ ನಿಮ್ಮ ಅಳಿಯ ಬಗ್ಗಿ ಉಸಿರು ಬಿಟ್ಟಾಗ ನಿಮಗೆ ವಾಸನೆ ಬಂತೆ?

“ಇಲ್ಲ,” ಎಂದ ಗೇಟಪ್ಪ. “ನನ್ನ ಮೂಗು ಸತ್ತು ಬಹಳ ದಿನ ಆಯ್ತು. ಜ್ವರ ಬಂದಿತ್ತು, ಆವಾಗ ಹೋಯ್ತು. ಯಾರಿಗೂ ಹೇಳಿರಲಿಲ್ಲ.”

ದಫೇದಾರ ಟೋಪಿಯನ್ನು ಮಡಿಲಲ್ಲಿ ತಿರುಗಿಸತೊಡಗಿದ. ಮಗಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು. ವಕೀಲ ಇಷ್ಟೇ ಸಾಕು ಎಂದು ಕೂತ. ಅಲ್ಲಿಗೇ ಮುಗಿದಿದ್ದರೆ ಅಳಿಯ ಅಂದೇ ವ್ಯಾನು ಹತ್ತುತ್ತಿದ್ದ. ಆದರೆ ಮ್ಯಾಜಿಸ್ಟ್ರೇಟ್ ಪೆನ್ನು ಕೆಳಗಿಟ್ಟರು.

“ವಾಸನೆ ಬರಲಿಲ್ಲ ಅಂದ್ಮೇಲೆ ಗೇಟು ಅರ್ಧಕ್ಕೆ ಯಾಕೆ ನಿಲ್ಲಿಸಿದ್ರಿ? ಸುಮ್ಮನೆ ನಿಲ್ಲಿಸಿದ್ರಾ?”

“ಸುಮ್ಮನೆ ಅಲ್ಲಮ್ಮ.”

“ಮತ್ತೆ?”

ಗೇಟಪ್ಪ ಅಳಿಯನನ್ನು ನೋಡಿದ. ಅಳಿಯ ತಲೆಯೆತ್ತಿದ.

“ನನ್ನ ಮಂಡಿ ನೋವು ಹೇಗಿದೆ ಅಂತ ಕೇಳಿದ,” ಎಂದ ಗೇಟಪ್ಪ.

ಮ್ಯಾಜಿಸ್ಟ್ರೇಟ್ ಕಾದರು.

“ಮದುವೆ ಆದಾಗಿನಿಂದ ನನ್ನ ಜೊತೆ ನೇರವಾಗಿ ಮಾತಾಡಿದವನಲ್ಲ. ನನಗೆ ಅದರಲ್ಲಿ ಬೇಜಾರಿಲ್ಲ, ಅವನ ಸ್ವಭಾವ. ಅವತ್ತು ಮಾವ ಅಂದ. ಕುರ್ಚಿ ತಂದುಕೊಡ್ತೀನಿ ಅಂದ. ಬೆನ್ನಿರೋ ಕುರ್ಚಿ. ಇದು ಇವನಲ್ಲ, ಒಳಗೆ ಹೋಗಿರೋದು ಮಾತಾಡ್ತಾ ಇದೆ ಅನ್ನಿಸ್ತು.”

ಮೊದಲು ನಕ್ಕದ್ದು ಹಿಂದಿನ ಬೆಂಚು. ಆಮೇಲೆ ಕೋಣೆಯೇ ನಕ್ಕಿತು. ಬಾಗಿಲ ಪೇದೆಯೂ ಗೋಡೆಯ ಕಡೆ ತಿರುಗಿಕೊಂಡ. ಮ್ಯಾಜಿಸ್ಟ್ರೇಟ್ ನಗಲಿಲ್ಲ. ಅಳಿಯನ ಕಿವಿ ಕೆಂಪಾಗಿತ್ತು. ಗೇಟಪ್ಪ ತಾನು ಹಾಸ್ಯವೇನಾದರೂ ಹೇಳಿದೆನೆ ಎಂಬಂತೆ ಸುತ್ತ ನೋಡಿದ.

ತೀರ್ಪು ಅಂದೇ ಬಂತು. ಅನುಮಾನಕ್ಕೆ ಮೂಗೇ ಬೇಕೆಂದಿಲ್ಲ. ಒಬ್ಬ ಮನುಷ್ಯನನ್ನು ಬಹುಕಾಲ ಬಲ್ಲವನು ಅವನ ನಡತೆಯಲ್ಲಿ ಬದಲಾವಣೆ ಕಂಡು ಅದನ್ನು ಪೊಲೀಸರಿಗೆ ತಿಳಿಸಿದರೆ ಅದೂ ಕಾರಣವೇ. ತಡೆದದ್ದು ಸರಿ, ಹಿಡಿದದ್ದು ಸರಿ. ಆರು ತಿಂಗಳು ಗಾಡಿ ಓಡಿಸುವಂತಿಲ್ಲ. ಅಷ್ಟು ಹೇಳಿ ಆಕೆ ಮುಂದಿನವರನ್ನು ಕರೆಯಿರಿ ಎಂದರು.

ಹೊರಗೆ ಬಂದಾಗ ದಫೇದಾರ ಟೋಪಿ ಹಾಕಿಕೊಂಡು ಮೆಟ್ಟಿಲಿಳಿದ. ಮಗಳು ಗಂಡನ ಹಿಂದೆ ಹೋದಳು. ಹೋಗುವ ಮೊದಲು ತಂದೆಯ ಹತ್ತಿರ ಬಂದು, ಅವನ ಅಂಗಿಯ ಕಾಲರು ಮಡಚಿಕೊಂಡದ್ದನ್ನು ಸರಿಮಾಡಿದಳು.

ಗೇಟಪ್ಪ ಬಾರಿಗೆ ಹೋಗಿ, ಹಲಗೆಯ ಪಕ್ಕದಲ್ಲಿ ನೇತುಹಾಕಿದ್ದ ತನ್ನ ಚೀಲ, ಛತ್ರಿ ತೆಗೆದುಕೊಂಡ. ಯಜಮಾನಿ ಕೌಂಟರಿನ ಹಿಂದೆ ಗ್ಲಾಸು ಒರೆಸುತ್ತಿದ್ದಳು.

“ಎಲ್ಲಿಗೆ?” ಎಂದಳು.

“ಮೂಗಿಲ್ಲದ ಮೇಲೆ ಗೇಟಲ್ಲಿ ಏನು ಕೆಲಸ ಅಮ್ಮಾವ್ರೆ.”

“ಮೂಗು ಇಲ್ಲ ಅಂತ ನಂಗೆ ಇವತ್ತು ಗೊತ್ತಾಯ್ತು ಅಂದ್ಕೊಂಡ್ಯಾ? ಗ್ಯಾಸ್ ಸೋರಿದ ದಿನ ಪ್ರಪಂಚವೇ ಹೊರಗೆ ಓಡ್ತಾ ಇದ್ರೆ ನೀನು ಒಳಗೆ ಬಂದು ಯಾಕೆ ಓಡ್ತೀರಿ ಅಂದೆ. ಅಷ್ಟು ಧೈರ್ಯ ನಿಂಗೆಲ್ಲಿಂದ ಬರಬೇಕು? ಜಿರಲೆ ಕಂಡ್ರೆ ಸ್ಟೂಲು ಹತ್ತೋನು.”

ಅವನು ಛತ್ರಿ ಹಿಡಿದುಕೊಂಡೇ ನಿಂತ. ಆಮೇಲೂ ಯಾಕೆ ಇಟ್ಟುಕೊಂಡಿರಿ ಎಂದು ಕೇಳಿದ.

ಆಕೆ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದಳು. “ಯಾರನ್ನಾದ್ರೂ ಮರಕ್ಕೆ ಗುದ್ದೋಕೆ ಕಳಿಸಿದ ದಿನ ತೆಗೀತಿದ್ದೆ. ಅಲ್ಲೀವರೆಗೂ ನೋಡೋಣ ಅಂದ್ಕೊಂಡೆ. ಹೋಗು, ಬಾಗಿಲಲ್ಲಿ ಯಾರೋ ಹಾರ್ನ್ ಹೊಡೀತಿದಾರೆ.”

ಗೇಟು ಉಳಿಯಿತು. ಕೆಲಸದ ರೀತಿ ಮಾತ್ರ ಬದಲಾಯಿತು. ದಫೇದಾರ ಈಗ ನೆರಳು ಬಿಟ್ಟು ಗೇಟಿನ ಪಕ್ಕದಲ್ಲೇ, ಎಲ್ಲರಿಗೂ ಕಾಣುವಂತೆ ನಿಲ್ಲುತ್ತಾನೆ. ಬರುವವರು ‘ಹಾ’ ಎನ್ನುವುದನ್ನು ಬಿಟ್ಟರು. ಕೆಲವರು ಆ ಬಾರಿಗೆ ಬರುವುದನ್ನೇ ಬಿಟ್ಟು, ಬೇರೆ ಕಡೆ ಜಾಗ ಸಿಗದೆ ಮತ್ತೆ ಬಂದರು. ಬಂದವರೆಲ್ಲ ಒಂದು ಪಾಠ ಕಲಿತಿದ್ದರು. ಹೊರಡುವಾಗ ಗೇಟಪ್ಪನ ಜೊತೆ ಒಳ್ಳೆಯ ಮಾತಾಡಬಾರದು. ಯಾರಾದರೂ ಮರೆತು ಹೇಗಿದ್ದೀಯಪ್ಪಾ ಎಂದರೆ ಜೊತೆಯಲ್ಲಿದ್ದವನು ತಿವಿಯುತ್ತಿದ್ದ. ಎಲ್ಲರೂ ಮುಖ ಸಿಂಡರಿಸಿಕೊಂಡು ಬಂದು, ಕೀ ಎಂದು ಒಂದೇ ಮಾತಂದು, ಕಿತ್ತುಕೊಂಡು ಹೋಗುತ್ತಿದ್ದರು. ಹಲ್ಲಿನ ಡಾಕ್ಟರು ಕೂಡ, ಪಾಪ, ಎಲ್ಲೋ ನೋಡುತ್ತ ಕೈ ಚಾಚುತ್ತಿದ್ದರು. ಹೀಗೆ ಗೇಟಪ್ಪ ಆ ಸ್ಟೂಲಿನ ಮೇಲೆ ಇಡೀ ದಿನ ಕೂತು ಒಂದು ನಗುಮುಖ ಕಾಣದೆ ಮನೆಗೆ ಹೋಗುವಂತಾಯಿತು. ಹೆಂಡತಿ ಕೇಳಿ, ಹಾಗಾದ್ರೆ ಈಗ ಊರಿಗೆ ಊರೇ ನಿಮ್ಮ ಅಳಿಯ ಆಯ್ತು ಅನ್ನಿ ಎಂದಳು.

ಅಳಿಯ ಒಲೆಯ ಮುಂದಿನ ಕೆಲಸಕ್ಕೆ ಹೋದ. ಮಾವನ ಮನೆಗೆ ಬರುವುದನ್ನು ನಿಲ್ಲಿಸಿದ. ಮಗಳು ಒಬ್ಬಳೇ ಬರುತ್ತಿದ್ದಳು, ಅವನ ತೋಳಿನ ಮೇಲೆ ಸುಟ್ಟ ಗಾಯಗಳಾಗಿವೆ ಎಂದು ಹೇಳುತ್ತಿದ್ದಳು. ಬೇರೆ ಯಾವ ಅಂಚೆಯೂ ಇರಲಿಲ್ಲ.

ಆರು ತಿಂಗಳು ಇನ್ನೂ ಮುಗಿದಿರಲಿಲ್ಲ, ಒಂದು ಮಧ್ಯಾಹ್ನ ಅವನು ರಸ್ತೆಯ ತಿರುವಿನಲ್ಲಿ ಕಾಣಿಸಿದ. ನಡೆದು ಬರುತ್ತಿದ್ದ. ತಲೆಯ ಮೇಲೆ ಏನೋ ಬೋರಲು ಹೊತ್ತಿದ್ದ. ಹತ್ತಿರ ಬಂದಾಗ ನೋಡಿದರೆ ಕುರ್ಚಿ. ಮರದ್ದು, ಹಳೆಯದು, ಆದರೆ ಕಾಲುಗಳಿಗೆ ಹೊಸ ರಬ್ಬರು ಹಾಕಿಸಿದ್ದ. ಬೆನ್ನಿತ್ತು.

ಬಂದವನು ಸ್ಟೂಲಿನ ಪಕ್ಕದಲ್ಲಿ ಅದನ್ನು ಇಳಿಸಿದ. ಮಾವನ ಮುಖ ನೋಡಲಿಲ್ಲ. ದಫೇದಾರ ಟೋಪಿ ಸರಿಮಾಡಿಕೊಂಡು ಬೇರೆ ಕಡೆ ನೋಡತೊಡಗಿದ. ಅಳಿಯ ಕುರ್ಚಿ ಅಲುಗಾಡುತ್ತದೆಯೆ ಎಂದು ಒಮ್ಮೆ ಒತ್ತಿ ನೋಡಿದ, ಹಣೆಯ ಬೆವರು ಒರೆಸಿಕೊಂಡ. ಸಿಡುಕಿನ ಮುಖ, ಯಾವಾಗಿನದ್ದೇ.

“ಕೂತ್ಕೊಳ್ಳಿ,” ಎಂದ.

ಗೇಟಪ್ಪ ಕೂತ. ಒರಗಿ ನೋಡಿದ.

“ಎತ್ತರ ಸರಿ ಇದೆ,” ಎಂದ.

ಅಳಿಯ ಹೂಂ ಎಂದು ತಿರುಗಿ ಹೊರಟ. ಗೇಟು ಎಂದಿನಂತೆ ಮುಚ್ಚಿತ್ತು, ನಡೆದು ಹೋಗುವವರಿಗೆಂದು ಪಕ್ಕದಲ್ಲಿ ಒಂದು ಆಳು ಹಿಡಿಸುವ ಸಂದು ಬಿಟ್ಟಿತ್ತು. ಅವನು ಆ ಸಂದಿಗೆ ಬರುವಷ್ಟರಲ್ಲಿ ಗೇಟಪ್ಪ ಎದ್ದು ಬಂದಿದ್ದ. ಹೆಗಲು ಕೊಟ್ಟು ತಳ್ಳಿದ. ಗೇಟು ಗಡಗಡನೆ ಹಳಿಯ ಕೊನೆಯವರೆಗೂ ಹೋಗಿ ಗೋಡೆಗೆ ತಾಗಿ ನಿಂತಿತು. ಅಳಿಯ ಒಂದು ಗಳಿಗೆ ನಿಂತು ಅಷ್ಟಗಲದ ದಾರಿಯನ್ನು ನೋಡಿದ. ಆಮೇಲೆ ಅದರ ನಡುವೆ ನಡೆದು ರಸ್ತೆಗಿಳಿದು ಹೋದ.

“ನಡ್ಕೊಂಡು ಹೋಗೋನಿಗೆ ಪೂರ್ತಿ ಗೇಟು ಯಾಕಪ್ಪ?” ಎಂದ ದಫೇದಾರ.

“ಚಕ್ರಕ್ಕೆ ಎಣ್ಣೆ ಬಿಟ್ಟಿದ್ದೆ,” ಎಂದ ಗೇಟಪ್ಪ. “ಹೇಗೆ ಓಡುತ್ತೆ ಅಂತ ನೋಡ್ದೆ.”